ಅಂಚೆ ಡಬ್ಬಿಯ ಮೇಲೊಂದು ಹೆಸರು: ಮ್ಯೂನಿಕ್‌ಗೆ ಓದಲು ಬರುವವರಿಗೆ

ನಾನು ಮ್ಯೂನಿಕ್‌ಗೆ ಬಂದ ಮೊದಲ ತಿಂಗಳು, ಬರಬೇಕಿದ್ದ ಮೂರು ಪತ್ರಗಳು ಬರಲೇ ಇಲ್ಲ. ಬ್ಯಾಂಕಿನ ಕಾರ್ಡಿಲ್ಲ, ಅದರ ಪಿನ್ ಇಲ್ಲ, ವಿಮೆಯವರ ಕಾಗದವಿಲ್ಲ. ವಿಳಾಸದಲ್ಲಿ ತಪ್ಪಿರಲಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್‌ಕೋಡ್ ಎಲ್ಲವೂ ಸರಿಯಾಗಿದ್ದವು. ಊರಿನ ಅಭ್ಯಾಸದಂತೆ ‘ಮೂರನೇ ಮಹಡಿ, ಎಡಗಡೆ ಮನೆ’ ಎಂದೂ ಸೇರಿಸಿದ್ದೆ. ಕೊನೆಗೆ ಕೆಳಮನೆಯ ಅಜ್ಜಿಯೊಬ್ಬರು ನನ್ನನ್ನು ಮುಂಬಾಗಿಲ ಬಳಿ ಕರೆದೊಯ್ದು, ಗೋಡೆಗೆ ಸಾಲಾಗಿ ಹೊಡೆದಿದ್ದ ಹದಿನಾರು ಅಂಚೆ ಡಬ್ಬಿಗಳನ್ನು ತೋರಿಸಿ, “ಇದರಲ್ಲಿ ನೀವೆಲ್ಲಿದ್ದೀರಿ?” ಎಂದು ಕೇಳಿದರು. ನಾನು ಎಲ್ಲೂ ಇರಲಿಲ್ಲ. ನನ್ನ ಡಬ್ಬಿಯ ಮೇಲೆ ನನಗಿಂತ ಮುಂಚೆ ಇದ್ದವರ ಹೆಸರಿತ್ತು.

ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಎಂಬುದಿಲ್ಲ. ಅಂಚೆಯವರು ಕಟ್ಟಡದ ಸಂಖ್ಯೆ ನೋಡಿ ಬರುತ್ತಾರೆ, ಡಬ್ಬಿಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಪತ್ರ ವಾಪಸಾಗುತ್ತದೆ. ನಾನು ನೋಟ್‌ಬುಕ್ಕಿನ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಹೆಸರು ಬರೆದು, ಟೇಪು ಹಚ್ಚಿ ಅಂಟಿಸಿದೆ. ಆ ವಾರವೇ ಪತ್ರಗಳು ಬರತೊಡಗಿದವು.

ಆಮೇಲಿನ ವರ್ಷಗಳಲ್ಲಿ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದೇ: ಈ ಊರಿನಲ್ಲಿ ನಿಮ್ಮ ಹೆಸರು ಒಂದು ಬಾಗಿಲಿಗೆ ಅಂಟುವ ತನಕ ನೀವು ಇನ್ನೂ ಬಂದಿಲ್ಲ. ಬ್ಯಾಂಕು, ವಿಮೆ, ಕೆಲಸ, ನಿವಾಸ ಪರವಾನಗಿ ಎಲ್ಲವೂ ಆ ಬಾಗಿಲಿನ ಹಿಂದೆ ಸಾಲುಗಟ್ಟಿ ನಿಂತಿವೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49,000. ಆ ವರ್ಷ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದೇ ಅತಿ ದೊಡ್ಡ ಗುಂಪು. ಅಷ್ಟು ಜನರಲ್ಲಿ ಬಹುಪಾಲು ಮಂದಿ ಪಾಠಕ್ಕಿಂತ ಮೊದಲು ಕಲಿತದ್ದು ಕಾಗದಗಳ ಈ ಕ್ರಮವನ್ನೇ ಇರಬೇಕು.

ಕಾಗದಗಳ ಸರಪಳಿ

ಜರ್ಮನಿಯಲ್ಲಿ ವಾಸಕ್ಕೆ ಬಂದ ಯಾರೇ ಆಗಲಿ, ಮನೆ ಸೇರಿದ ಎರಡು ವಾರದೊಳಗೆ ತಮ್ಮ ವಿಳಾಸವನ್ನು ನಗರಾಡಳಿತದಲ್ಲಿ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಜರ್ಮನ್ ಪ್ರಜೆಗಳಿಗೂ ಇದೇ ನಿಯಮ, ಹಾಗಾಗಿ ವಿದೇಶಿಯರೆಂದು ನಮ್ಮನ್ನು ಕಾಡುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ಪುಟದ ದೃಢೀಕರಣ ಬೇಕು. ಅದರ ಹೆಸರು ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’. ಬಾಯಿಪಾಠ ಮಾಡುವುದು ಬೇಡ, ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಬಾಡಿಗೆ ಕರಾರು ಪತ್ರ ಇದಕ್ಕೆ ಬದಲಿಯಾಗುವುದಿಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಹತ್ತು ಪುಟದ ಕರಾರು ಹಿಡಿದುಕೊಂಡು ಕೌಂಟರಿಗೆ ಹೋಗಿ, ಆ ಒಂದು ಪುಟವಿಲ್ಲದೆ ಹಿಂದಿರುಗಿ, ಮತ್ತೆ ಸಮಯ ನಿಗದಿಗಾಗಿ ವಾರಗಟ್ಟಲೆ ಕಾಯುತ್ತಾರೆ.

ಸಮಯ ನಿಗದಿಗೆ ‘ಟೆರ್ಮೀನ್’ ಎಂಬ ಪದ. ಈ ಊರಿನಲ್ಲಿ ನೀವು ಕಲಿಯುವ ಮೊದಲ ಹತ್ತು ಪದಗಳಲ್ಲಿ ಇದೂ ಒಂದು. ಟೆರ್ಮೀನ್ ಇಲ್ಲದೆ ಕಚೇರಿ ಇಲ್ಲ, ವೈದ್ಯರಿಲ್ಲ, ಕೆಲವೆಡೆ ಕ್ಷೌರವೂ ಇಲ್ಲ. ಮ್ಯೂನಿಕ್‌ನ ನಾಗರಿಕ ಕಚೇರಿಗಳು ನಗರದ ಹಲವು ಭಾಗಗಳಲ್ಲಿವೆ, ಮನೆಯ ಹತ್ತಿರದ್ದಕ್ಕೇ ಹೋಗಬೇಕೆಂದೇನೂ ಇಲ್ಲ. ಎಲ್ಲ ತುಂಬಿದೆ ಎಂದು ಪುಟ ತೋರಿಸಿದರೆ ಬೆಳಿಗ್ಗೆ ಬೇಗ ಎದ್ದು ಮತ್ತೆ ನೋಡಿ, ಯಾರೋ ರದ್ದು ಮಾಡಿದ ಜಾಗ ಸಿಗುವುದುಂಟು. ಎರಡು ವಾರದ ಗಡುವಿನೊಳಗೆ ಸಿಗದಿದ್ದರೆ ಗಾಬರಿ ಬೇಡ. ಪ್ರಯತ್ನಿಸಿದ ದಾಖಲೆಯನ್ನು ಉಳಿಸಿಕೊಂಡು, ಸಿಕ್ಕ ಮೊದಲ ದಿನ ಹೋಗಿ.

ಅರ್ಜಿಯಲ್ಲಿ ಧರ್ಮ ಕೇಳುವ ಒಂದು ಅಂಕಣವಿದೆ. ಇದು ಕುತೂಹಲಕ್ಕೆ ಕೇಳುವುದಲ್ಲ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಮುಂತಾದ ಕೆಲವು ಧಾರ್ಮಿಕ ಸಂಸ್ಥೆಗಳ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ಹಿಡಿದುಕೊಳ್ಳುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8 ಶೇಕಡ. ಮಂಗಳೂರಿನ ಕ್ಯಾಥೊಲಿಕ್ ಮನೆತನದ ಹುಡುಗನಿಗೆ ಇದು ತಾಗುತ್ತದೆ, ಹಾಸನದ ಲಿಂಗಾಯತ ಹುಡುಗಿಗೆ ತಾಗುವುದಿಲ್ಲ. ಏನು ಬರೆಯಬೇಕೆಂಬುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಅರ್ಥ ತಿಳಿದು ಬರೆಯಿರಿ ಎಂದಷ್ಟೇ ನಾನು ಹೇಳುವುದು.

ನಮ್ಮ ಹೆಸರುಗಳದು ಬೇರೆಯೇ ಪುರಾಣ. ಕರ್ನಾಟಕದ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೂತಿರುತ್ತದೆ. ಜರ್ಮನ್ ಕಚೇರಿಗೆ ಅಡ್ಡಹೆಸರೇ ಮುಖ್ಯ. ಅಲ್ಲಿ ನನ್ನ ಅಪ್ಪನ ಹೆಸರಿದ್ದುದರಿಂದ, ಕೌಂಟರಿನಾಕೆ ‘ಹೆರ್ ಶಿವಪ್ಪ’ ಎಂದು ಕೂಗಿದಾಗ ಅಪ್ಪ ಯಾವಾಗ ಬಂದರು ಎಂದು ನಾನು ಒಂದು ಕ್ಷಣ ತಿರುಗಿ ನೋಡಿದ್ದೆ. ತಮಾಷೆ ಇರಲಿ. ಪಾಸ್‌ಪೋರ್ಟ್‌ನಲ್ಲಿ ಅಕ್ಷರ ಹೇಗಿದೆಯೋ ಹಾಗೆಯೇ ವಿಶ್ವವಿದ್ಯಾಲಯ, ಬ್ಯಾಂಕು, ವಿಮೆ, ಬಾಡಿಗೆ ಕರಾರು, ಅಂಚೆ ಡಬ್ಬಿ ಎಲ್ಲ ಕಡೆ ಇರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಆದರೆ, ಇಬ್ಬರೂ ನೀವೇ ಎಂದು ಸಾಬೀತು ಮಾಡುವುದರಲ್ಲೇ ಸೆಮಿಸ್ಟರು ಕಳೆಯುತ್ತದೆ.

ನೋಂದಣಿಯಾದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇದು ಜೀವನಪೂರ್ತಿ ಬದಲಾಗದ ಸಂಖ್ಯೆ. ಅರೆಕಾಲಿಕ ಕೆಲಸಕ್ಕೆ ಸೇರುವಾಗ ಮೊದಲು ಕೇಳುವುದೇ ಇದನ್ನು. ಹಾಗೆಯೇ ಒಂದು ದಿನ ರೇಡಿಯೊ, ಟಿ.ವಿ. ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೋ. “ನನ್ನ ಹತ್ತಿರ ಟಿ.ವಿ.ಯೇ ಇಲ್ಲ” ಎಂದು ಅದನ್ನು ಕಸದ ಬುಟ್ಟಿಗೆ ಹಾಕಿದವರನ್ನು ಬಲ್ಲೆ. ಟಿ.ವಿ. ಇರಲಿ ಬಿಡಲಿ, ಒಂದು ಮನೆಗೆ ಒಂದು ಶುಲ್ಕ ಎಂಬುದು ಕಾನೂನು. ಕಟ್ಟದಿದ್ದರೆ ಬಾಕಿ ಬೆಳೆದು ಜಪ್ತಿಯವರೆಗೆ ಹೋಗಬಹುದು. ಸಮಾಧಾನದ ಸಂಗತಿ ಎಂದರೆ ಲೆಕ್ಕ ತಲೆಗಲ್ಲ, ಮನೆಗೆ. ನಾಲ್ವರು ಸೇರಿ ಇದ್ದರೆ ಒಬ್ಬರು ಕಟ್ಟಿ ಉಳಿದವರು ಹಂಚಿಕೊಂಡರಾಯಿತು. ಪತ್ರಕ್ಕೆ ಉತ್ತರವಾಗಿ ಆ ಒಬ್ಬರ ಶುಲ್ಕ ಸಂಖ್ಯೆಯನ್ನು ಬರೆದು ಕಳಿಸಬೇಕು.

ಮನೆ ಹುಡುಕುವ ಕಷ್ಟ

ಸರಪಳಿಯ ಮೊದಲ ಕೊಂಡಿ ಮನೆ. ಅದೇ ಅತಿ ಕಷ್ಟದ್ದು. ಮ್ಯೂನಿಕ್ ಜರ್ಮನಿಯಲ್ಲೇ ದುಬಾರಿ ಊರು. ಹಂಚಿಕೊಂಡ ಮನೆಯ ಒಂದು ಕೋಣೆಗೆ ತಿಂಗಳಿಗೆ 700-800 ಯೂರೋ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಪ್ರವೇಶ ಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ವಸತಿ ನಿಲಯಗಳಿಗೆ ಅರ್ಜಿ ಹಾಕಿ. ವೀಸಾ ಬರಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ, ಏಕೆಂದರೆ ಕಾಯುವ ಪಟ್ಟಿ ಸೆಮಿಸ್ಟರುಗಳ ಲೆಕ್ಕದಲ್ಲಿ ಸಾಗುತ್ತದೆ. ಅಗ್ಗದ ಕೋಣೆಗಳಿರುವುದು ಅಲ್ಲೇ. 1972ರ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕ್ರೀಡಾಪಟುಗಳಿಗೆಂದು ಕಟ್ಟಿದ ಒಲಿಂಪಿಕ್ ಗ್ರಾಮದ ಪುಟ್ಟ ಮನೆಗಳ ಜಾಗದಲ್ಲಿ ಇಂದು ವಿದ್ಯಾರ್ಥಿಗಳಿದ್ದಾರೆ. ಆ ಸಾಲು ಮನೆಗಳ ಗೋಡೆಗೆ ತಮಗೆ ತೋಚಿದ ಚಿತ್ರ ಬರೆದುಕೊಳ್ಳುವ ರೂಢಿ ಅವರದು.

ಬರುವ ದಿನಾಂಕವನ್ನೂ ಯೋಚಿಸಿ. ಚಳಿಗಾಲದ ಸೆಮಿಸ್ಟರಿನ ಪಾಠಗಳು ಅಕ್ಟೋಬರ್ ಮಧ್ಯದಲ್ಲಿ ಶುರುವಾಗುತ್ತವೆ. ಅದಕ್ಕೆಂದು ಸೆಪ್ಟೆಂಬರ್ ಕೊನೆಗೆ ಬಂದಿಳಿದರೆ ನೀವು ನೇರವಾಗಿ ಅಕ್ಟೋಬರ್‌ಫೆಸ್ಟ್ ಜಾತ್ರೆಗೇ ಬಂದಿಳಿದಂತೆ. ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಜಾತ್ರೆ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಮುಗಿಯುವುದು ಅಕ್ಟೋಬರ್ ಮೊದಲ ಭಾನುವಾರದ ಹೊತ್ತಿಗೆ. ಆ ದಿನಗಳಲ್ಲಿ ಸಾಧಾರಣ ಹಾಸ್ಟೆಲಿನ ಒಂದು ಮಂಚದ ಬೆಲೆ ಹಲವು ಪಟ್ಟು ಏರಿರುತ್ತದೆ. ಒಂದೋ ಸೆಪ್ಟೆಂಬರ್ ಆರಂಭದಲ್ಲೇ ಬನ್ನಿ, ಇಲ್ಲವೇ ತಂಗುವ ಜಾಗವನ್ನು ತಿಂಗಳುಗಳ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಜಾಹೀರಾತು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ‘ಎರಡು ಕೋಣೆಯ ಮನೆ’ ಎಂದಿದ್ದರೆ ನಮ್ಮ ಲೆಕ್ಕದ ಎರಡು ಬೆಡ್‌ರೂಮು ಎಂದುಕೊಳ್ಳಬೇಡಿ. ಇವರು ಹಾಲನ್ನೂ ಒಂದು ಕೋಣೆಯಾಗಿ ಎಣಿಸುತ್ತಾರೆ, ಹಾಗಾಗಿ ಅದು ಬೆಂಗಳೂರಿನ ಒಂದು ಬಿಎಚ್‌ಕೆ. ಬಾಡಿಗೆಯಲ್ಲೂ ಎರಡು ಬಗೆ. ‘ಕಾಲ್ಟ್‌ಮೀಟೆ’ ಅಂದರೆ ತಣ್ಣನೆಯ ಬಾಡಿಗೆ, ಬರೀ ಗೋಡೆ ಸೂರಿನ ಬೆಲೆ. ‘ವಾರ್ಮ್‌ಮೀಟೆ’ ಅಂದರೆ ಬಿಸಿ ಬಾಡಿಗೆ, ಅದರಲ್ಲಿ ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ ಎಲ್ಲ ಸೇರಿರುತ್ತವೆ. ಕರೆಂಟ್ ಬಿಲ್ಲು ಬಹಳ ಸಲ ಪ್ರತ್ಯೇಕ. ಎರಡು ಮನೆಗಳನ್ನು ಹೋಲಿಸುವಾಗ ಬಿಸಿಯನ್ನು ಬಿಸಿಯ ಜೊತೆಗೇ ಹೋಲಿಸಿ. ಇನ್ನೂ ಒಂದು ಆಶ್ಚರ್ಯ ಕಾದಿರುತ್ತದೆ. ಖಾಲಿ ಮನೆ ಎಂದರೆ ಇಲ್ಲಿ ನಿಜಕ್ಕೂ ಖಾಲಿ. ಹಿಂದಿನವರು ಸಿಂಕು, ಒಲೆ, ಕಪಾಟು ಸಮೇತ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿರಬಹುದು. ಗೋಡೆಯಿಂದ ಚಾಚಿದ ಎರಡು ಕೊಳವೆಗಳನ್ನು ತೋರಿಸಿ “ಇದು ಅಡುಗೆಮನೆ” ಎಂದಾಗ ಬೇಸ್ತು ಬೀಳಬೇಡಿ.

ಹಾಗಾಗಿ ಹೊಸಬರಿಗೆ ಸರಿಯಾದದ್ದು ನಾಲ್ಕೈದು ಜನ ಹಂಚಿಕೊಂಡಿರುವ ಮನೆಯ ಒಂದು ಕೋಣೆ. ಇದಕ್ಕೆ ‘ವೇಗೇ’ ಎನ್ನುತ್ತಾರೆ. ಇಲ್ಲಿ ಕೋಣೆ ಕೊಡುವವರು ಮಾಲೀಕರಿಗಿಂತ ಹೆಚ್ಚಾಗಿ ಆಗಲೇ ಅಲ್ಲಿರುವ ಹುಡುಗ ಹುಡುಗಿಯರು. ಅವರಿಗೆ ಬೇಕಿರುವುದು ದಿನಾ ಮುಖ ನೋಡಬಹುದಾದ ಒಬ್ಬ ಮನುಷ್ಯ. ನಮ್ಮವರು ಕಳಿಸುವ ಸಂದೇಶ ಹೇಗಿರುತ್ತದೆ? ಗೌರವಾನ್ವಿತರೇ, ನಾನು ಇಂಥ ಪದವಿಗೆ ಬರುತ್ತಿದ್ದೇನೆ, ಧೂಮಪಾನ ಇಲ್ಲ, ಮದ್ಯಪಾನ ಇಲ್ಲ, ದಯವಿಟ್ಟು ಪರಿಗಣಿಸಿ. ಅದನ್ನೇ ನೂರು ಜನಕ್ಕೆ ನಕಲು ಮಾಡಿ ಕಳಿಸುತ್ತಾರೆ. ಕೆಲಸದ ಅರ್ಜಿಯಂತಿರುವ ಈ ಪತ್ರವನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಜಾಹೀರಾತಿನಲ್ಲಿ ಅವರು ಏನು ಬರೆದಿದ್ದಾರೆಂದು ಓದಿ, ಅದಕ್ಕೆ ಉತ್ತರವಾಗಿ ನಾಲ್ಕು ಸಾಲು ಬರೆಯಿರಿ. ಭಾನುವಾರ ಮಸಾಲೆ ದೋಸೆ ಮಾಡುತ್ತೇನೆ, ಚಾರಣಕ್ಕೆ ಹೋಗುತ್ತೇನೆ, ಪಾತ್ರೆ ತೊಳೆಯದೆ ಮಲಗುವುದಿಲ್ಲ, ಹೀಗೆ ನಿಮ್ಮನ್ನು ತೋರಿಸುವ ಮಾತುಗಳಿರಲಿ. ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಕೋಣೆ ಸಿಕ್ಕಿದ್ದೇ ದೋಸೆಯ ಸಾಲಿನಿಂದ. ಮುಂದೆ ಅದನ್ನು ನಡೆಸಿಕೊಡಬೇಕಾಯಿತು, ಅದು ಬೇರೆ ಮಾತು.

ಮೋಸಗಾರರಿಗೂ ಈ ಊರು ಸುಗ್ಗಿ. ಅವರ ಕಥೆ ಹೆಚ್ಚು ಬದಲಾಗುವುದಿಲ್ಲ. ನಗರದ ನಡುವೆ ಚೆಂದದ ಮನೆ, ಅರ್ಧ ಬಾಡಿಗೆ, ಮಾಲೀಕರು ಸದ್ಯ ಬೇರೆ ದೇಶದಲ್ಲಿದ್ದಾರೆ, ಠೇವಣಿ ಕಳಿಸಿದರೆ ಕೀಲಿಕೈ ಅಂಚೆಯಲ್ಲಿ ಬರುತ್ತದೆ. ಬರುವುದಿಲ್ಲ. ಮನೆಯನ್ನು ನೀವಾಗಲಿ, ನಿಮ್ಮ ಪರವಾಗಿ ಇಲ್ಲಿರುವ ಯಾರಾದರೂ ಆಗಲಿ ಕಣ್ಣಾರೆ ನೋಡುವವರೆಗೆ ಒಂದು ಯೂರೋವನ್ನೂ ಕಳಿಸಬೇಡಿ. ಇನ್ನೊಂದು ಬಗೆಯ ಮನೆಯಿದೆ: ಕೋಣೆ ನಿಜ, ಬಾಡಿಗೆಯೂ ಪರವಾಗಿಲ್ಲ, ಆದರೆ “ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸುವಂತಿಲ್ಲ” ಎಂಬ ಷರತ್ತು. ಸಾಮಾನ್ಯವಾಗಿ ಅದು ಮಾಲೀಕರಿಗೆ ಗೊತ್ತಿಲ್ಲದೆ ಒಳಬಾಡಿಗೆಗೆ ಕೊಟ್ಟ ಕೋಣೆ. ಎರಡು ವಾರ ತಲೆಮರೆಸಿಕೊಳ್ಳಲು ಆದೀತು, ಓದು ಮುಗಿಸಲು ಆಗದು. ದುಡ್ಡಿಗೆ ಬರೀ ವಿಳಾಸ ಮಾರುವವರೂ ಇದ್ದಾರೆ. ವಾಸವಿಲ್ಲದ ವಿಳಾಸವನ್ನು ನೋಂದಣಿಗೆ ಒದಗಿಸಿದವರಿಗೆ 50,000 ಯೂರೋವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಆ ಸಹವಾಸ ಬೇಡ.

ಠೇವಣಿ ತಣ್ಣನೆಯ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಇದು ಸಿಹಿ ಸುದ್ದಿ. ಕೀಲಿಕೈ ತೆಗೆದುಕೊಳ್ಳುವ ದಿನ ಮನೆಯ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಹಾಕುವ ಪದ್ಧತಿಯಿದೆ. ಒಡೆದ ಹಂಚು, ಗೀರು ಬಿದ್ದ ನೆಲ, ಕಿಟಕಿಯ ಮೂಲೆಯ ಕಪ್ಪು ಕಲೆ ಎಲ್ಲದರ ಫೋಟೊ ಆ ದಿನವೇ ತೆಗೆದಿಡಿ. ಮನೆ ಬಿಡುವಾಗ ಠೇವಣಿ ಉಳಿಸುವುದು ಅವೇ.

ಹಣ, ವಿಮೆ, ಪರವಾನಗಿ

ವೀಸಾಕ್ಕೆಂದು ನೀವು ತುಂಬಿದ ‘ಸ್ಪೆರ್‌ಕೊಂಟೊ’, ಅಂದರೆ ತಡೆಖಾತೆ, 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ನಿಮ್ಮ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಕೋಣೆಯ ಬಾಡಿಗೆ ಕಟ್ಟಿ, ವಿಮೆ ಕಟ್ಟಿ ಉಳಿಯುವುದೆಷ್ಟೆಂದು ನೀವೇ ಲೆಕ್ಕ ಹಾಕಿ. ಆ ಹಣವೂ ಬಂದ ದಿನವೇ ಹರಿಯುವುದಿಲ್ಲ. ಮೊದಲು ಇಲ್ಲಿ ಒಂದು ಸಾಮಾನ್ಯ ಬ್ಯಾಂಕ್ ಖಾತೆ ಬೇಕು. ಆ ಖಾತೆಗೆ ಬ್ಯಾಂಕು ನೋಂದಣಿ ಪತ್ರ ಕೇಳಬಹುದು. ನೋಂದಣಿಗೆ ಮನೆ ಬೇಕು. ಮನೆಗೆ ಠೇವಣಿ ಬೇಕು. ಠೇವಣಿಯ ಹಣ ತಡೆಖಾತೆಯಲ್ಲಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಜರ್ಮನ್ ಆವೃತ್ತಿ ಇದು. ಈ ಗಂಟನ್ನು ಬಿಡಿಸುವ ದಾರಿ ಒಂದೇ: ಮೊದಲ ಒಂದೂವರೆ ಎರಡು ತಿಂಗಳ ಖರ್ಚು ಮತ್ತು ಠೇವಣಿಯ ಮೊದಲ ಕಂತಿನಷ್ಟು ಹಣವನ್ನು ತಡೆಖಾತೆಯ ಹೊರಗೆ, ಫೊರೆಕ್ಸ್ ಕಾರ್ಡಿನಲ್ಲೋ ನಗದಾಗಿಯೋ ತನ್ನಿ. ಸಾಲ ಮಾಡಿ ಬರುವವರು ಆ ಸಾಲದ ಲೆಕ್ಕದಲ್ಲೇ ಇದನ್ನೂ ಸೇರಿಸಿಕೊಳ್ಳಲಿ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024-25ರ ಚಳಿಗಾಲದಿಂದ ಐರೋಪ್ಯ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 2,000ದಿಂದ 6,000 ಯೂರೋ ಶುಲ್ಕ ವಿಧಿಸುತ್ತಿದೆ. ಜರ್ಮನಿಯಲ್ಲಿ ಓದು ಉಚಿತ ಎಂಬ ಹಳೆಯ ಮಾತು ಎಲ್ಲ ಕಡೆ ಈಗ ನಿಲ್ಲುವುದಿಲ್ಲ.

ಆರೋಗ್ಯ ವಿಮೆಯಿಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದೇ ಇಲ್ಲ. ಮೂವತ್ತು ವರ್ಷದೊಳಗಿನವರಿಗೆ ಶಾಸನಬದ್ಧ ವಿಮೆಯಲ್ಲಿ ವಿದ್ಯಾರ್ಥಿ ದರವಿದೆ, ತಿಂಗಳಿಗೆ ಸುಮಾರು 140-150 ಯೂರೋ. ಖಾಸಗಿ ವಿಮೆ ಅಗ್ಗವಾಗಿ ಕಾಣುತ್ತದೆ, ಏಜೆಂಟರು ಸಲೀಸಾಗಿ ಮಾರುತ್ತಾರೆ. ಅದರ ಒಳಗುಟ್ಟು ಇಷ್ಟು: ಶಾಸನಬದ್ಧ ವಿಮೆ ಬೇಡವೆಂದು ಒಮ್ಮೆ ಬರೆದುಕೊಟ್ಟರೆ ಓದು ಮುಗಿಯುವವರೆಗೆ ಮರಳಿ ಬರುವಂತಿಲ್ಲ. ಆಗಾಗ ವೈದ್ಯರ ಬಳಿ ಹೋಗಬೇಕಾದವರು ಐವತ್ತು ಯೂರೋ ಉಳಿಸಲು ಹೋಗಿ ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಮೂವತ್ತು ದಾಟಿದವರ ಲೆಕ್ಕ ಬೇರೆ, ಅವರು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಆರಾಮವಾಗಿರುವಾಗಲೇ ಮನೆಯ ಹತ್ತಿರ ಒಬ್ಬ ಸಾಮಾನ್ಯ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಜ್ವರವೆಂದು ನೇರವಾಗಿ ಆಸ್ಪತ್ರೆಗೆ ಹೋದರೆ ತಾಸುಗಟ್ಟಲೆ ಕೂರಿಸುತ್ತಾರೆ, ಕೊನೆಗೆ ಚಹಾ ಕುಡಿದು ಮಲಗಿ ಎನ್ನುತ್ತಾರೆ. ರಾತ್ರಿ ಅಥವಾ ರಜಾದಿನ ವೈದ್ಯರು ಬೇಕಾದರೆ 116117, ಪ್ರಾಣಾಪಾಯವಿದ್ದರೆ 112, ಪೊಲೀಸರಿಗೆ 110. ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ, ಚೀಟಿ ಬೇಕೇ ಬೇಕು.

ನಿವಾಸ ಪರವಾನಗಿಯ ಅರ್ಜಿಯನ್ನು ವೀಸಾ ಮುಗಿಯುವ ಮೊದಲೇ ಹಾಕಬೇಕು. ಕೊನೆಯ ವಾರಕ್ಕೆ ಬಿಡದೆ, ನೋಂದಣಿ, ವಿಮೆ, ಪ್ರವೇಶ ಈ ಮೂರು ಕಾಗದ ಸೇರಿದ ದಿನವೇ ಆನ್‌ಲೈನ್‌ನಲ್ಲಿ ಹಾಕಿ, ಬಂದ ಸ್ವೀಕೃತಿಯನ್ನು ಮುದ್ರಿಸಿಟ್ಟುಕೊಳ್ಳಿ. ಅರ್ಜಿ ಹಾಕಿಯೂ ಕಾರ್ಡ್ ಬಂದಿರದಿದ್ದರೆ, ನಡುವಿನ ಅವಧಿಗೆ ತಾತ್ಕಾಲಿಕ ದಾಖಲೆಯೊಂದನ್ನು ಕೊಡುತ್ತಾರೆ. ಅಕ್ಕನ ಮದುವೆಗೆಂದು ಊರಿಗೆ ಹೊರಡುವ ಮೊದಲು, ಆ ಕಾಗದ ತೋರಿಸಿ ಮರಳಿ ಒಳಬರಲು ಆಗುತ್ತದೆಯೇ ಎಂದು ಕೇಳಿ ಲಿಖಿತವಾಗಿ ತಿಳಿದುಕೊಳ್ಳಿ. ಎಲ್ಲ ಬಗೆಯ ತಾತ್ಕಾಲಿಕ ದಾಖಲೆಗೂ ಆ ಹಕ್ಕಿಲ್ಲ.

ದುಡಿಯಲು 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ಅವಕಾಶವಿದೆ. ಪಾಠವಿರುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದಾಟಿದರೆ ವಿಮೆಯವರು ನಿಮ್ಮನ್ನು ವಿದ್ಯಾರ್ಥಿ ಎಂದು ಎಣಿಸದಿರಬಹುದು. ಮೊದಲ ಸೆಮಿಸ್ಟರಿನಲ್ಲಿ ಕೆಲಸಕ್ಕೆ ಕೈಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಅದು ಎಲ್ಲರ ಜೇಬಿಗೂ ಒಗ್ಗದ ಬುದ್ಧಿವಾದ ಎಂಬುದೂ ಗೊತ್ತು.

ಮಿಕ್ಸಿ, ಕಿಟಕಿ, ಭಾನುವಾರ

ಕಾಗದ ಮುಗಿದ ಮೇಲೆ ಉಳಿಯುವುದು ನೆರೆಮನೆಯವರು. ಭಾನುವಾರ ಇಲ್ಲಿ ಮೌನದ ದಿನ. ಅಂಗಡಿಗಳು ಮುಚ್ಚಿರುತ್ತವೆ, ಉಳಿದ ದಿನಗಳಲ್ಲೂ ಬವೇರಿಯಾದಲ್ಲಿ ರಾತ್ರಿ ಎಂಟಕ್ಕೆ ಬಾಗಿಲು. ಶನಿವಾರ ಸಂಜೆ ಏಳೂಮುಕ್ಕಾಲಿಗೆ ಹಾಲಿಗಾಗಿ ಓಡುವುದು ಎಲ್ಲರಿಗೂ ಒಮ್ಮೆ ಆಗುವ ಅನುಭವ. ತೀರಾ ಅಗತ್ಯಬಿದ್ದರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ. ಆಗಸ್ಟ್ 15ರಂದೂ ಮ್ಯೂನಿಕ್‌ಗೆ ರಜೆ. ನಮ್ಮ ಸ್ವಾತಂತ್ರ್ಯಕ್ಕಲ್ಲ, ಮೇರಿ ಮಾತೆಯ ಹಬ್ಬಕ್ಕೆ.

ಊರಿನಿಂದ ಹೊತ್ತು ತಂದ ಮಿಕ್ಸಿ ಈ ಮೌನದ ಮುಖ್ಯ ಶತ್ರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಚಟ್ನಿ ರುಬ್ಬಿದರೆ ಒಂಬತ್ತಕ್ಕೆ ಬಾಗಿಲು ತಟ್ಟುವ ಸದ್ದು ಕೇಳುತ್ತದೆ. ಶನಿವಾರ ಸಂಜೆಯೇ ರುಬ್ಬಿಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಇದೇ ಕಟ್ಟುಪಾಡು. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವುದಕ್ಕೂ ಸಮಯ ಬರೆದಿರುತ್ತಾರೆ, ಭಾನುವಾರ ಎಸೆಯುವಂತಿಲ್ಲ. ಹಿಟ್ಟಿನ ವಿಷಯಕ್ಕೆ ಬಂದರೆ, ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಅಡುಗೆಮನೆಯಲ್ಲಿ ಎರಡು ದಿನವಿಟ್ಟರೂ ಉಬ್ಬುವುದಿಲ್ಲ. ಓವನ್ ಉರಿಸದೆ, ಅದರ ದೀಪವನ್ನಷ್ಟೇ ಹಚ್ಚಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿ. ಬೆಳಗಾಗುವಷ್ಟರಲ್ಲಿ ಅಂಚಿನವರೆಗೆ ಬಂದಿರುತ್ತದೆ. ಒಳಗೇನಿದೆ ಎಂದು ಬಾಗಿಲ ಮೇಲೊಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ನನ್ನ ಜೊತೆಯವನೊಬ್ಬ ಪಿಜ್ಜಾ ಬೇಯಿಸಲೆಂದು ನೋಡದೆ 220 ಡಿಗ್ರಿಗೆ ಓವನ್ ಹಾಕಿದ್ದ.

ಕಿಟಕಿಯ ಪಾಠ ನಮಗೆ ತೀರ ಹೊಸದು. ಮನೆಗಳು ಗಾಳಿ ನುಸುಳದಂತೆ ಕಟ್ಟಿರುತ್ತವೆ. ಅನ್ನ ಬಸಿದ ಹಬೆ, ಕೋಣೆಯಲ್ಲೇ ಹರವಿದ ಬಟ್ಟೆಯ ತೇವ, ಸ್ನಾನದ ಆವಿ ಎಲ್ಲವೂ ತಣ್ಣನೆಯ ಗೋಡೆಗೆ ಹೋಗಿ ಕೂರುತ್ತವೆ. ಒಂದೆರಡು ತಿಂಗಳಲ್ಲಿ ಮಂಚದ ಹಿಂದೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ, ಅದರ ಖರ್ಚು ನಿಮ್ಮ ಠೇವಣಿಯಿಂದ ಹೋಗಬಹುದು. ದಿನಕ್ಕೆ ಎರಡು ಮೂರು ಸಲ, ಹೊರಗೆ ಹಿಮ ಬೀಳುತ್ತಿದ್ದರೂ ಸರಿ, ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಿ. ಇಡೀ ದಿನ ಸ್ವಲ್ಪವೇ ಓರೆ ಮಾಡಿಟ್ಟರೆ ಬೂಷ್ಟೂ ತಪ್ಪುವುದಿಲ್ಲ, ಬಿಲ್ಲೂ ಏರುತ್ತದೆ.

ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ 1883ರಿಂದ ಈ ಊರಿಗೆ ನೀರು ಬರುತ್ತಿದೆ. ಸುಣ್ಣದ ಅಂಶ ಹೆಚ್ಚು, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟಿದರೆ ವಿನೆಗರ್ ಹಾಕಿ ಕುದಿಸಿ. ಒಮ್ಮೆ ಮಾತ್ರ ಬಳಸುವ ಬಾಟಲಿ, ಡಬ್ಬಿಗಳಲ್ಲಿ ಪಾನೀಯ ಕೊಂಡರೆ ಒಂದೊಂದಕ್ಕೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ತಿನ್ನಿಸಿದರೆ ಹಣ ವಾಪಸ್. ನಜ್ಜುಗುಜ್ಜು ಮಾಡಬೇಡಿ, ಯಂತ್ರಕ್ಕೆ ಅದರ ಮೇಲಿನ ಗೆರೆಗಳು ಓದಲು ಸಿಗಬೇಕು. ದಪ್ಪ ಕೋಟನ್ನು ಬೆಂಗಳೂರಿನಲ್ಲಿ ಕೊಳ್ಳುವುದು ದಂಡ. ಒಳ್ಳೆಯ ಶೂ, ನೀರು ನುಸುಳದ ಮೇಲಂಗಿ ಇಲ್ಲೇ ತೆಗೆದುಕೊಳ್ಳಿ. ಸೈಕಲ್ಲು, ಮೇಜು, ಪಾತ್ರೆಗಳಿಗೆ ನಗರದ ಕಸ ವಿಭಾಗವೇ ನಡೆಸುವ ‘ಹಾಲೆ 2’ ಎಂಬ ಬಳಸಿದ ವಸ್ತುಗಳ ಅಂಗಡಿಯಿದೆ.

ಮೆಟ್ರೋ ನಿಲ್ದಾಣಗಳಲ್ಲಿ ನಮ್ಮಲ್ಲಿರುವಂತೆ ತಡೆಬಾಗಿಲು ಇಲ್ಲ. ಯಾರೂ ನೋಡುತ್ತಿಲ್ಲ ಎನಿಸುತ್ತದೆ. ಸಾದಾ ಉಡುಪಿನ ತಪಾಸಣೆಯವರು ರೈಲು ಹೊರಟ ಮೇಲೆ ಎದ್ದು ನಿಲ್ಲುತ್ತಾರೆ, ದಂಡ 60 ಯೂರೋ. ಟಿಕೆಟ್ ಕೊಂಡೂ ಸಿಕ್ಕಿಬೀಳುವವರಿದ್ದಾರೆ, ಏಕೆಂದರೆ ಕೆಲವು ಕಾಗದದ ಟಿಕೆಟ್‌ಗಳಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ದೇಶದ ತುಂಬ ಸ್ಥಳೀಯ ಬಸ್ಸು ರೈಲುಗಳಲ್ಲಿ ಓಡಾಡಬಹುದಾದ ಮಾಸಿಕ ಟಿಕೆಟ್ 2023ರ ಮೇನಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದೆ. ಬವೇರಿಯಾದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಡಿಮೆ ದರವಿದೆ, ಕೇಳಿ ಪಡೆಯಿರಿ. ಅದು ಚಂದಾ, ಬೇಡವಾದರೆ ಆ ತಿಂಗಳ 10ರೊಳಗೆ ರದ್ದುಪಡಿಸಬೇಕು.

ಭಾಷೆಯ ಬಗ್ಗೆ ಒಂದೇ ಮಾತು. ಇಂಗ್ಲಿಷಿನಲ್ಲಿ ಪದವಿ ಮುಗಿಸಬಹುದು, ಬಾಡಿಗೆ ಜಗಳ ಮುಗಿಸಲು ಆಗದು. ಮೊದಲ ಸೆಮಿಸ್ಟರಿನಲ್ಲೇ ವಿಶ್ವವಿದ್ಯಾಲಯದ ಜರ್ಮನ್ ತರಗತಿಗೆ ಸೇರಿ. ನಮಗೆ ಎರಡು ಅನುಕೂಲಗಳಿವೆ. ಇಲ್ಲಿ ‘ದೂ’ ಅಂದರೆ ನೀನು, ‘ಝೀ’ ಅಂದರೆ ನೀವು. ಇಂಗ್ಲಿಷರು ತಿಣುಕುವ ಈ ಭೇದ ಕನ್ನಡಿಗರಿಗೆ ಹುಟ್ಟಿನಿಂದ ಗೊತ್ತು. ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುವುದೂ ನಮಗೆ ಮನೆಯ ಅಭ್ಯಾಸವೇ. ಕೆಳಮನೆಯ ಅಜ್ಜಿ ನನ್ನನ್ನು ಎರಡು ವರ್ಷ ‘ನೀವು’ ಎಂದೇ ಕರೆದರು. ಒಂದು ಯುಗಾದಿಗೆ ಹೋಳಿಗೆ ಕೊಟ್ಟು ಬಂದ ಮರುದಿನ ತಟ್ಟೆ ಹಿಂದಿರುಗಿಸುತ್ತಾ ‘ನೀನು’ ಎಂದರು.

ಮನೆ ಬಿಡುವುದಕ್ಕೂ ಕ್ರಮವಿದೆ. ಸಾಮಾನ್ಯ ಕರಾರಿಗೆ ಮೂರು ತಿಂಗಳ ಮುನ್ಸೂಚನೆ ಬೇಕು, ಅದು ತಿಂಗಳ ಮೂರನೇ ಕೆಲಸದ ದಿನದೊಳಗೆ ಸಹಿ ಹಾಕಿದ ಕಾಗದವಾಗಿ ಮಾಲೀಕರಿಗೆ ತಲುಪಬೇಕು, ಇಮೇಲ್ ನಡೆಯುವುದಿಲ್ಲ. ದೇಶವನ್ನೇ ಬಿಡುವುದಾದರೆ ನೋಂದಣಿ ರದ್ದು ಮಾಡಿಸಿ, ಆ ಪತ್ರದ ಪ್ರತಿ ತೋರಿಸಿ ರೇಡಿಯೊ ಶುಲ್ಕ ನಿಲ್ಲಿಸಿ. ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ. ಹೀಟರು, ನೀರಿನ ಆ ವರ್ಷದ ಲೆಕ್ಕ ಕೊಡಲು ಮಾಲೀಕರಿಗೆ ವರ್ಷ ಮುಗಿದ ಮೇಲೂ ಹನ್ನೆರಡು ತಿಂಗಳ ಕಾಲಾವಕಾಶವಿದೆ, ಠೇವಣಿಯ ಒಂದು ಪಾಲನ್ನು ಅಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಬಹುದು. ನನ್ನ ಕೊನೆಯ 140 ಯೂರೋ ಬಂದದ್ದು ಆ ಮನೆ ಬಿಟ್ಟು ಒಂದೂವರೆ ವರ್ಷವಾದ ಮೇಲೆ.